ನಾರು ನೀರು ಬಿಡಲ್ಲ, ಪ್ಲಾಸ್ಟಿಕ್ ನೀರು ಮುಟ್ಟಲ್ಲ

ಮಾಟುಂಗಾ ಸ್ಟೇಷನ್ನಿನ ಹೊರಗೆ ಹೂ ಕಟ್ಟಿ ಮಾರುವ ಅಕ್ಕ ಒಬ್ಬರಿದ್ದಾರೆ. ವಿಜಯಪುರದ ಕಡೆಯವರು. ಅವರ ಮೊಣಕಾಲಿನ ಪಕ್ಕ ಸದಾ ಒಂದು ಸ್ಟೀಲ್ ಬೋಗುಣಿ ಇರುತ್ತದೆ. ಅದರ ನೀರಿನಲ್ಲಿ ಬಾಳೆನಾರು ನೆನೆದಿರುತ್ತದೆ. ಒಣ ನಾರಿನಲ್ಲಿ ಮಲ್ಲಿಗೆ ಕಟ್ಟಲು ಹೋದರೆ ಗಂಟು ಬಿಗಿಯುವಷ್ಟರಲ್ಲಿ ನಾರು ಪಟ್ಟಂತ ಹರಿಯುತ್ತದೆ. ಇಲ್ಲವೇ ಹೂವಿನ ತೊಟ್ಟನ್ನೇ ಕೊಯ್ದು ಹಾಕುತ್ತದೆ. ಸ್ವಲ್ಪ ಹೊತ್ತು ನೆನೆಸಿದರೆ ಸಾಕು, ಮೆತ್ತಗಾಗಿ ಬೆರಳು ಹೇಳಿದ ಹಾಗೆ ಕೇಳುತ್ತದೆ.

ನಾನು ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದವನು. ತಿಪಟೂರು ಬಿಟ್ಟು ಮುಂಬೈಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಆ ಬೋಗುಣಿ ನೋಡಿದಾಗಲೆಲ್ಲ ನಮ್ಮ ಕೆಲಸದ ಹಳೇ ತಲೆನೋವೊಂದು ನೆನಪಾಗುತ್ತದೆ. ನಾರು ನೀರನ್ನು ಕಂಡರೆ ಬಿಡುವುದಿಲ್ಲ. ಪ್ಲಾಸ್ಟಿಕ್ ನೀರನ್ನು ಹತ್ತಿರ ಸೇರಿಸುವುದಿಲ್ಲ. ಎರಡಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಆದರೂ ಇವೆರಡನ್ನು ಸೇರಿಸಿ ಗಟ್ಟಿ ವಸ್ತು ಮಾಡಬೇಕು ಅನ್ನುವ ಆಸೆ ಎಷ್ಟೋ ದೇಶಗಳಲ್ಲಿದೆ. ಅದಕ್ಕೆ ಹುಡುಕಿದ ದಾರಿಗಳಲ್ಲಿ ಒಂದು, ನಾರಿಗೆ ವಿಕಿರಣ ಕೊಡುವುದು. ಆಸ್ಪತ್ರೆಯ ಬ್ಯಾಂಡೇಜು, ಕೈಗವಸುಗಳ ಸೂಕ್ಷ್ಮಾಣು ಕೊಲ್ಲಲು ಬಳಸುವ ಗಾಮಾ ಕಿರಣವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಮೊದಲು, ಸೇರಿಸುವುದಾದರೂ ಯಾಕೆ?

ಹಳ್ಳಿಯಲ್ಲಿ ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲು ಹಾಕಿ ತುಳಿಯುವುದನ್ನು ನೋಡಿದ್ದೀರಾ? ಬರೀ ಮಣ್ಣಿನ ಗೋಡೆ ಒಣಗುವಾಗ ಬಿರುಕು ಬಿಡುತ್ತದೆ. ಹುಲ್ಲು ಸೇರಿಸಿದರೆ ಬಿರುಕು ಮುಂದೆ ಓಡದ ಹಾಗೆ ಅದು ಹಿಡಿದು ನಿಲ್ಲಿಸುತ್ತದೆ. ಮಣ್ಣು ಆಕಾರ ಕೊಡುತ್ತದೆ, ಹುಲ್ಲು ಎಳೆತ ತಡೆಯುತ್ತದೆ. ಕಾಂಪೋಸಿಟ್ ಅಂದರೆ ಇಷ್ಟೇ. ಮಣ್ಣಿನ ಜಾಗದಲ್ಲಿ ಪ್ಲಾಸ್ಟಿಕ್, ಹುಲ್ಲಿನ ಜಾಗದಲ್ಲಿ ನಾರು.

ಇವತ್ತು ಆ ಜಾಗದಲ್ಲಿ ಜಾಸ್ತಿ ಕೂತಿರುವುದು ಗಾಜಿನ ನಾರು. ಅದು ಗಟ್ಟಿ, ನಂಬಿಕಸ್ತ. ಆದರೆ ಭಾರ. ಒಂದು ಘನ ಸೆಂಟಿಮೀಟರ್ ಗಾಜಿನ ನಾರು ಸುಮಾರು 2.5 ಗ್ರಾಂ ತೂಗುತ್ತದೆ. ಸೆಣಬು, ಕತ್ತಾಳೆ, ಬಾಳೆಯಂಥ ಗಿಡದ ನಾರು 1.3ರಿಂದ 1.5 ಗ್ರಾಂ. ಗಾಜನ್ನು ಕರಗಿಸಿ ಎಳೆ ತೆಗೆಯಲು 1,000 ಡಿಗ್ರಿಗಿಂತ ಎಷ್ಟೋ ಮೇಲಿನ ಶಾಖ ಬೇಕು. ಗಿಡದ ನಾರು ಬಿಸಿಲಲ್ಲಿ ಬೆಳೆಯುತ್ತದೆ. ಇನ್ನೊಂದು ಮಾತು ಮೆಷಿನ್ ಮುಂದೆ ನಿಂತವರಿಗೆ ಮಾತ್ರ ಗೊತ್ತು: ಗಾಜಿನ ನಾರು ಸ್ಕ್ರೂ, ಬ್ಯಾರೆಲ್ಲು, ಡೈ ಎಲ್ಲವನ್ನೂ ಸವೆಸುತ್ತದೆ. ಕೈಗೆ ತಾಗಿದರೆ ದಿನವಿಡೀ ನವೆ.

ಇದು ಹೊಸ ಕನಸೂ ಅಲ್ಲ. ಪೂರ್ವ ಜರ್ಮನಿಯವರು 1957ರಿಂದ ಟ್ರಾಬಾಂಟ್ ಅನ್ನುವ ಸಣ್ಣ ಕಾರು ಮಾಡಿದರು. ಅದರ ಹೊರಮೈ ತಗಡಿನದಲ್ಲ. ಗಿರಣಿಯಲ್ಲಿ ಉಳಿದ ಹತ್ತಿಯ ನಾರನ್ನು ಫಿನಾಲ್ ರಾಳದಲ್ಲಿ ಒತ್ತಿ ಮಾಡಿದ್ದು. ಅಂಥ ಸುಮಾರು 30 ಲಕ್ಷ ಕಾರು ಓಡಾಡಿದವು. ಈಗ ಟೊಯೊಟಾ ಕಾರುಗಳ ಬಾಗಿಲಿನ ಒಳಹಲಗೆಗೆ ಕೆನಾಫ್ ನಾರು ಬಳಸುತ್ತಾರೆ. ಕೆನಾಫ್ ಅಂದರೆ ಯಾವುದೋ ದೂರದ ಗಿಡ ಅಂದುಕೊಳ್ಳಬೇಡಿ. ಅದು ನಮ್ಮ ಪುಂಡಿ. ಉತ್ತರ ಕರ್ನಾಟಕದವರು ಪಲ್ಯ ಮಾಡಿ ಜೋಳದ ರೊಟ್ಟಿ ಜೊತೆ ತಿನ್ನುವ ಪುಂಡಿ. ಮುಂಬೈ ಮಾರ್ಕೆಟ್ಟಿನಲ್ಲಿ ಮರಾಠಿಯವರು ಅಂಬಾಡಿ ಅನ್ನುತ್ತಾರೆ. ಅದರ ನಾರಿಗೆ ಡೆಕ್ಕನ್ ಹೆಂಪ್ ಅಂತಲೂ ಹೆಸರುಂಟು. ಇದು ಗೊತ್ತಾದ ದಿನ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಈಗ ನನ್ನ ಸೋಲಿನ ಕಥೆಗೆ ಬರುತ್ತೇನೆ. ಯಾಕೆಂದರೆ ಇಡೀ ವಿಷಯ ಅದರಲ್ಲೇ ಇದೆ.

ಕೆಲವು ವರ್ಷದ ಹಿಂದೆ ವಸಾಯಿಯ ಒಂದು ಸಣ್ಣ ಘಟಕದಲ್ಲಿ ಸಸಿ ಬೆಳೆಸುವ ಟ್ರೇ ಮಾಡುತ್ತಿದ್ದೆವು. ಮಾಲು ಪಾಲಿಪ್ರೊಪಿಲೀನ್, ನಮ್ಮ ಬಾಯಲ್ಲಿ ಪಿಪಿ ದಾಣಾ. ಊರಿಗೆ ಹೋದಾಗ ತೆಂಗಿನ ನಾರು ರಾಶಿ ಬಿದ್ದಿರುವುದು ನೋಡಿದ್ದೆ. ಒಂದು ಮೂಟೆ ತಂದೆ. ಸಣ್ಣಗೆ ಕತ್ತರಿಸಿ, ನೂರು ಕೆಜಿ ಮಾಲಿಗೆ ಇಪ್ಪತ್ತು ಕೆಜಿಯಂತೆ ಬೆರೆಸಿದೆವು. ಮೊದಲ ಟ್ರೇಗಳು ಎಷ್ಟು ಚೆನ್ನಾಗಿ ಬಂದವು ಅಂದರೆ, ಕೈಯಲ್ಲಿ ಹಿಡಿದು ಎಲ್ಲರೂ ಮೂಸಿ ನೋಡಿದರು. ಕಂದು ಬಣ್ಣ, ತೆಂಗಿನ ವಾಸನೆ. ಅಲ್ಲಲ್ಲಿ ಗುಳ್ಳೆ ಇತ್ತು, ತಲೆ ಕೆಡಿಸಿಕೊಳ್ಳಲಿಲ್ಲ.

ಜೂನ್ ಬಂತು. ಮುಂಬೈ ಮಳೆ ನಿಮಗೆ ಗೊತ್ತಲ್ಲ. ಟ್ರೇಗಳು ಉಬ್ಬಿದವು. ಮೂಲೆಯಲ್ಲಿ ಬೂಷ್ಟು ಬಂತು. ನೀರು ತುಂಬಿದ ಮಣ್ಣಿನ ಭಾರಕ್ಕೆ ಬರೀ ಪಿಪಿ ಟ್ರೇ ಬಾಗುತ್ತಿತ್ತು, ನಮ್ಮದು ಮುರಿಯುತ್ತಿತ್ತು. ನಾರು ಹಾಕಿ ಬಲ ಹೆಚ್ಚಿಸಲು ಹೊರಟವರು ಇದ್ದ ಬಲವನ್ನೂ ಕಳೆದಿದ್ದೆವು.

ನನ್ನ ಅಕ್ಕನ ಮಗ ಇಲ್ಲೇ ಮುಂಬೈಯಲ್ಲಿ ಪಾಲಿಮರ್ ಓದುತ್ತಿದ್ದಾನೆ. ಮುರಿದ ತುಂಡೊಂದನ್ನು ಅವನಿಗೆ ತೋರಿಸಿದೆ. ಅವನು ಮುರಿದ ಅಂಚಿನ ಮೇಲೆ ಭೂತಗನ್ನಡಿ ಹಿಡಿದು, "ಮಾವ, ನಾರು ಮುರಿದೇ ಇಲ್ಲ, ನೋಡಿ" ಅಂದ. ನಿಜ. ಒಂದು ಕಡೆಯ ಅಂಚಿನಲ್ಲಿ ನಾರಿನ ತುದಿಗಳು ಗಡ್ಡದ ಹಾಗೆ ಹೊರಗೆ ಚಾಚಿದ್ದವು. ಒಂದು ಚೂರು ಪ್ಲಾಸ್ಟಿಕ್ಕೂ ಮೆತ್ತಿರಲಿಲ್ಲ. ಇನ್ನೊಂದು ಕಡೆಯ ಅಂಚಿನಲ್ಲಿ ಅಷ್ಟೇ ತೂತುಗಳು. ಒದ್ದೆ ಮಣ್ಣಿನಿಂದ ಹುಲ್ಲು ಬೇರು ಸಮೇತ ಕಿತ್ತು ಬಂದಂತೆ ನಾರು ಜಾರಿ ಹೊರಬಂದಿತ್ತು.

ಅಂದರೆ ನಾರಿನಲ್ಲಿ ಬಲವಿತ್ತು, ಪ್ಲಾಸ್ಟಿಕ್ ಆ ಬಲವನ್ನು ಬಳಸಿಕೊಳ್ಳಲೇ ಇಲ್ಲ. ಭಾರ ಬಿದ್ದಾಗ ಅದು ಪ್ಲಾಸ್ಟಿಕ್ಕಿನಿಂದ ನಾರಿಗೆ ದಾಟಬೇಕು. ದಾಟುವ ಸೇತುವೆ ಒಂದೇ: ಎರಡೂ ಮುಟ್ಟುವ ಮೈ. ಎಣ್ಣೆ ಕೈಯಲ್ಲಿ ಹಗ್ಗ ಎಳೆದರೆ ಜಾರುತ್ತದೆ, ಅಲ್ವಾ? ಉದ್ದಕ್ಕೂ ನಾಲ್ಕು ಜನ ಹಿಡಿದರೆ ಹೇಗೋ ನಿಲ್ಲುತ್ತದೆ. ಕೈ ಒಣಗಿದ್ದರೆ ಒಬ್ಬನ ಹಿಡಿತವೇ ಸಾಕು. ನಾರಿನ ವಿಷಯವೂ ಹೀಗೇ. ಅಂಟು ಕಡಿಮೆಯಿದ್ದರೆ ನಾರು ಉದ್ದ ಇರಬೇಕು. ಅಂಟು ಚೆನ್ನಾಗಿದ್ದರೆ ಗಿಡ್ಡ ನಾರೂ ಪೂರ್ತಿ ಭಾರ ಹೊರುತ್ತದೆ.

ಇದಕ್ಕೊಂದು ಸುಲಭ ಲೆಕ್ಕ ಇದೆ. ನಾರಿನ ಬಲವನ್ನು ಅದರ ದಪ್ಪದಿಂದ ಗುಣಿಸಿ, ಅಂಟಿನ ಬಲದ ಎರಡರಷ್ಟರಿಂದ ಭಾಗಿಸಬೇಕು. ಬಲ ಅಳೆಯುವ ಮಾನ ಮೆಗಾಪಾಸ್ಕಲ್. ಉದಾಹರಣೆಗೆ ನಾರಿನ ಬಲ 400 ಮೆಗಾಪಾಸ್ಕಲ್, ದಪ್ಪ 0.05 ಮಿಲಿಮೀಟರ್, ಅಂಟಿನ ಬಲ 5 ಮೆಗಾಪಾಸ್ಕಲ್ ಅಂತ ಇಟ್ಟುಕೊಳ್ಳಿ. ಉತ್ತರ 2 ಮಿಲಿಮೀಟರ್. ಅದಕ್ಕಿಂತ ಗಿಡ್ಡವಾದ ನಾರು ಭಾರ ಹೊರುವ ಮೊದಲೇ ಜಾರುತ್ತದೆ. ಅಂಟಿನ ಬಲ 10 ಆದರೆ 1 ಮಿಲಿಮೀಟರ್ ಸಾಕು. ಇದು ಬರೀ ಕಾಗದದ ಲೆಕ್ಕ ಅನ್ನಬೇಡಿ. ಮೋಲ್ಡಿಂಗ್ ಮೆಷಿನ್ನಿನ ಸ್ಕ್ರೂ ನಾರನ್ನು ಅರೆದು ತುಂಡು ಮಾಡುತ್ತದೆ. ಹಾಪರ್‌ಗೆ ಹಾಕಿದಾಗ ಬೆರಳುದ್ದ ಇದ್ದದ್ದು ಪಾರ್ಟ್ ಆಗಿ ಹೊರಬರುವಾಗ ಒಂದೆರಡು ಮಿಲಿಮೀಟರ್ ಉಳಿದರೆ ಹೆಚ್ಚು. ಹಾಗಾಗಿ ಅಂಟು ಎರಡು ಪಟ್ಟಾದರೆ ಟ್ರೇ ಉಳಿಯುತ್ತದೆ, ಆಗದಿದ್ದರೆ ಮುರಿಯುತ್ತದೆ.

ಅಂಟು ಯಾಕೆ ಬರಲಿಲ್ಲ? ನಾರಿನ ಮುಖ್ಯ ವಸ್ತು ಸೆಲ್ಯುಲೋಸ್. ಸಾವಿರಾರು ಸಕ್ಕರೆ ಕಣಗಳು ಕೈ ಕೈ ಹಿಡಿದು ನಿಂತ ಉದ್ದ ಸರಪಳಿ ಅದು. ಪ್ರತಿ ಕೊಂಡಿಯಲ್ಲೂ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ, ಅಂದರೆ ಆಮ್ಲಜನಕ-ಜಲಜನಕದ ಜೋಡಿಗಳು. ನೀರನ್ನು ಹಿಡಿದುಕೊಳ್ಳುವುದು ಇವೇ. ಅಕ್ಕನ ಬೋಗುಣಿಯಲ್ಲಿ ಬಾಳೆನಾರು ಮೆತ್ತಗಾಗುವುದು ಇವುಗಳ ದೆಸೆಯಿಂದ. ಸೆಣಬಿನ ವ್ಯಾಪಾರದಲ್ಲಿ ಒಣ ನಾರಿನ ತೂಕಕ್ಕೆ 13.75 ಪ್ರತಿಶತ ತೇವ ಇರುವುದು ಸಹಜ ಅಂತಲೇ ಒಪ್ಪಿಕೊಂಡಿದ್ದಾರೆ. ಪಿಪಿಯಲ್ಲಾದರೆ ಇಂಗಾಲ ಮತ್ತು ಜಲಜನಕ ಬಿಟ್ಟರೆ ಬೇರೇನೂ ಇಲ್ಲ. ನೀರಿಗೆ ಹಿಡಿಯಲು ಅಲ್ಲಿ ಒಂದು ಗೂಟವೂ ಇಲ್ಲ, ನಾರಿಗೂ ಇಲ್ಲ. ಅದಕ್ಕೇ ಎರಡರ ನಡುವೆ ಕೂದಲೆಳೆಯ ಸಂದಿ ಉಳಿಯುತ್ತದೆ. ಮಳೆಗಾಲದ ನೀರು ಆ ಸಂದಿಯಲ್ಲಿ ನುಗ್ಗುತ್ತದೆ. ನಾರು ಉಬ್ಬಿ ಸಂದಿ ಇನ್ನಷ್ಟು ದೊಡ್ಡದಾಗುತ್ತದೆ. ನಮ್ಮ ಟ್ರೇಯಲ್ಲಿದ್ದ ಗುಳ್ಳೆಗಳೂ ಇದೇ ನೀರಿನ ಕೆಲಸ. ಸರಿಯಾಗಿ ಒಣಗಿಸದ ನಾರು 190 ಡಿಗ್ರಿಯ ಬ್ಯಾರೆಲ್ಲಿಗೆ ಹೋದರೆ ಒಳಗಿನ ನೀರು ಹಬೆಯಾಗದೆ ಇನ್ನೇನಾಗುತ್ತದೆ?

ಇದಕ್ಕೆ ಹಳೆಯ ಮದ್ದುಗಳಿವೆ. ಕಾಸ್ಟಿಕ್ ಸೋಡಾದಲ್ಲಿ ನಾರನ್ನು ತೊಳೆಯುವುದು ಒಂದು. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯ ಮೇಲೆ ಇದನ್ನು ಕಂಡುಕೊಂಡ. ನಾರಿನ ಮೇಲಿನ ಮೇಣ, ಪೆಕ್ಟಿನ್ ಹೋಗಿ ಮೈ ಒರಟಾಗುತ್ತದೆ. ಒರಟು ಗೋಡೆಗೆ ಗಾರೆ ಚೆನ್ನಾಗಿ ಹಿಡಿಯುವುದಿಲ್ಲವೇ, ಹಾಗೆ. ಆದರೆ ತೊಳೆದ ಕ್ಷಾರದ ನೀರನ್ನು ಎಲ್ಲಿ ಬಿಡುತ್ತೀರಿ? ಇನ್ನೊಂದು, ಮೇಲಿಕ್ ಅನ್‌ಹೈಡ್ರೈಡ್ ಅನ್ನುವ ರಾಸಾಯನಿಕ ಸೇರಿಸಿದ ಪಿಪಿ. ಅದರ ಒಂದು ತುದಿ ನಾರನ್ನು ಹಿಡಿಯುತ್ತದೆ, ಉಳಿದ ಬಾಲ ಪಿಪಿ ಜೊತೆ ಸಲೀಸಾಗಿ ಬೆರೆಯುತ್ತದೆ. ಇದು ಒಳ್ಳೆಯ ಮದ್ದು. ಕಾರಿನ ಬಿಡಿಭಾಗ ಮಾಡುವವರು ಇದನ್ನೇ ಹೆಚ್ಚು ಬಳಸುತ್ತಾರೆ.

ಮೂರನೆಯದೇ ವಿಕಿರಣ. ಮುಂಬೈಯಲ್ಲಿ ಕೂತು ಈ ವಿಷಯ ಮಾತಾಡುವುದಕ್ಕೆ ಒಂದು ಅರ್ಥವಿದೆ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಐಸೊಮೆಡ್ ಅನ್ನುವ ಗಾಮಾ ಘಟಕ 1974ರಲ್ಲಿ ಶುರುವಾಯಿತು. ಆಸ್ಪತ್ರೆ ಸಾಮಾನುಗಳ ಶುದ್ಧೀಕರಣಕ್ಕೆ ಕಟ್ಟಿದ್ದು. ವಾಶಿಯಲ್ಲಿ ಮಸಾಲೆ ಪದಾರ್ಥಗಳಿಗೆ ಕಿರಣ ಕೊಡುವ ಘಟಕ ಇದೆ. ನಾಸಿಕದ ಹತ್ತಿರ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆ ಬರದ ಹಾಗೆ ಮಾಡುವ ಘಟಕ ಇದೆ. ಖಾರ್ಘರ್‌ನಲ್ಲಿ ಎಲೆಕ್ಟ್ರಾನ್ ಬೀಮ್ ಕೇಂದ್ರ, ಅಂದರೆ ವೇಗದ ಎಲೆಕ್ಟ್ರಾನುಗಳನ್ನೇ ಕಿರಣವಾಗಿ ಹಾಯಿಸುವ ಕೇಂದ್ರ ಇದೆ. ಪರಮಾಣು ಕೇಂದ್ರದ ನೌಕರರಿರುವ ಅಣುಶಕ್ತಿ ನಗರದಲ್ಲಿ ಕನ್ನಡ ಮಾತಾಡುವ ಮನೆಗಳೂ ಕಡಿಮೆಯಿಲ್ಲ. ಇಷ್ಟು ಹತ್ತಿರ ಇದ್ದರೂ ವಿಕಿರಣ ಅಂದ ಕೂಡಲೇ ನಮ್ಮವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಮೊದಲು ಆ ಭಯದ ಮಾತು. ಕಿರಣ ತಾಗಿದ ವಸ್ತು ತಾನೇ ಕಿರಣ ಬಿಡಲು ಶುರು ಮಾಡುತ್ತದೆಯೇ? ಇಲ್ಲ. ಗಾಮಾ ಕಿರಣ ಬರುವುದು ಕೋಬಾಲ್ಟ್-60ರಿಂದ. ಅದರ ಶಕ್ತಿ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಪರಮಾಣು ಮಟ್ಟದ ಶಕ್ತಿಯನ್ನು ಅಳೆಯುವ ಮಾನ ಅದು. ಪರಮಾಣುವಿನ ಹೊರಗಿನ ಎಲೆಕ್ಟ್ರಾನನ್ನು ಕಿತ್ತು ಎಸೆಯಲು ಇದು ಧಾರಾಳ. ಆದರೆ ನಾರು, ಪ್ಲಾಸ್ಟಿಕ್ಕಿನಲ್ಲಿರುವ ಇಂಗಾಲ, ಆಮ್ಲಜನಕದ ನ್ಯೂಕ್ಲಿಯಸ್ಸನ್ನು ಅಲ್ಲಾಡಿಸಲು ಸಾಲದು. ಟಾರ್ಚ್ ಬೆಳಕು ಬಿದ್ದ ಗೋಡೆ ಟಾರ್ಚ್ ಆಗುವುದಿಲ್ಲ. ಭಯ ಇರಬೇಕಾದದ್ದು ಕೋಬಾಲ್ಟ್ ಸರಳಿನ ಬಗ್ಗೆ. ಅದಕ್ಕೇ ಅದನ್ನು ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿಡುತ್ತಾರೆ. ಕೆಲಸ ಇಲ್ಲದಾಗ ಆಳವಾದ ನೀರಿನ ತೊಟ್ಟಿಗೆ ಇಳಿಸುತ್ತಾರೆ.

ಈಗ ಕಿರಣ ಮಾಡುವ ಕೆಲಸ. ಡೋಸ್ ಅಳೆಯುವುದು ಗ್ರೇ ಲೆಕ್ಕದಲ್ಲಿ. ಒಂದು ಕೆಜಿ ವಸ್ತು ಒಂದು ಜೌಲ್ ಶಕ್ತಿ ಹೀರಿದರೆ ಒಂದು ಗ್ರೇ. ಸಾವಿರ ಗ್ರೇ ಸೇರಿದರೆ ಒಂದು ಕಿಲೋಗ್ರೇ. 10 ಕಿಲೋಗ್ರೇ ಡೋಸ್ ನೀರಿಗೆ ಕೊಟ್ಟರೆ ನೀರು ಎಷ್ಟು ಬಿಸಿಯಾಗಬಹುದು ಹೇಳಿ? ಎರಡೂವರೆ ಡಿಗ್ರಿಯೂ ಇಲ್ಲ. ಇಷ್ಟು ಸಣ್ಣ ಶಾಖದಿಂದ ನಾರಿನಲ್ಲಿ ಏನಾಗಬೇಕು?

ಉತ್ತರ ಶಕ್ತಿಯ ಮೊತ್ತದಲ್ಲಿಲ್ಲ, ಅದು ಬರುವ ರೀತಿಯಲ್ಲಿದೆ. ಒಂದು ಬುಟ್ಟಿ ಮರಳನ್ನು ಕಾಳು ಕಾಳಾಗಿ ಗಾಜಿನ ಮೇಲೆ ಸುರಿದರೆ ಏನೂ ಆಗಲ್ಲ. ಅಷ್ಟೇ ತೂಕದ ಒಂದು ಕಲ್ಲು ಬಿದ್ದರೆ ಗಾಜು ಚೂರು. ಬೆಂಕಿಯ ಶಾಖ ಮರಳಿನ ಹಾಗೆ, ಎಲ್ಲ ಕಣಕ್ಕೂ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತದೆ. ಗಾಮಾ ಕಲ್ಲಿನ ಹಾಗೆ. ಇಂಗಾಲಕ್ಕೂ ಇಂಗಾಲಕ್ಕೂ ಇರುವ ಕೊಂಡಿ ಬಿಡಿಸಲು ಬೇಕಾದ್ದು ನಾಲ್ಕು ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ. ಬರುತ್ತಿರುವ ಗಾಮಾ ಹತ್ತು ಲಕ್ಷಕ್ಕೂ ಮೇಲಿನದು. ಅದು ಒಂದು ಎಲೆಕ್ಟ್ರಾನನ್ನು ಹೊಡೆದೋಡಿಸುತ್ತದೆ. ಆ ಎಲೆಕ್ಟ್ರಾನ್ ದಾರಿಯುದ್ದಕ್ಕೂ ಇನ್ನೆಷ್ಟೋ ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಅದು ಹಾದುಹೋದ ಕಡೆ ಸರಪಳಿಯ ಮೇಲೆ ಜೋಡಿ ಕಳೆದುಕೊಂಡ ಜಾಗಗಳು ಉಳಿಯುತ್ತವೆ. ಇವಕ್ಕೆ ಫ್ರೀ ರ್ಯಾಡಿಕಲ್ ಅನ್ನುತ್ತಾರೆ. ಸಂಜೆ ಆರೂವರೆಗೆ ದಾದರ್‌ನಲ್ಲಿ ಲೋಕಲ್ ಹತ್ತಿದವನ ಕೈ ನೆನಪು ಮಾಡಿಕೊಳ್ಳಿ. ಯಾವುದು ಸಿಕ್ಕರೂ ಸರಿ, ಹಿಡಿದುಕೊಳ್ಳಲೇಬೇಕು. ರ್ಯಾಡಿಕಲ್ ಅಂದರೆ ಅಂಥ ಕೈ.

ಆ ಕೈಗೆ ನಾವು ಏನು ಕೊಡುತ್ತೇವೆ ಅನ್ನುವುದರಲ್ಲೇ ಜಾಣತನ ಇರುವುದು.

ಮಿಥೈಲ್ ಮೆಥಾಕ್ರಿಲೇಟ್, ಸ್ಟೈರೀನ್, ಗ್ಲಿಸಿಡೈಲ್ ಮೆಥಾಕ್ರಿಲೇಟ್ ಅಂತ ದ್ರವಗಳಿವೆ. ಇವು ಪ್ಲಾಸ್ಟಿಕ್ ಆಗಲು ತುದಿಗಾಲಲ್ಲಿ ನಿಂತಿರುವ ಸಣ್ಣ ಕಣಗಳು, ಮಾನೋಮರ್. ನಾರಿನ ಖಾಲಿ ಕೈಗೆ ಒಂದು ಮಾನೋಮರ್ ಸಿಕ್ಕರೆ ಅದು ಅಲ್ಲಿ ಅಂಟುತ್ತದೆ. ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಕೊನೆಗೆ ನಾರಿನ ಮೈಯಿಂದಲೇ ಪ್ಲಾಸ್ಟಿಕ್ಕಿನ ಕೊಂಬೆ ಬೆಳೆದು ನಿಲ್ಲುತ್ತದೆ. ಇದಕ್ಕೆ ಗ್ರಾಫ್ಟಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ಕಸಿ. ಮಾವಿನ ಗಿಡಕ್ಕೆ ಕಸಿ ಕಟ್ಟುವುದಕ್ಕೂ ಇದಕ್ಕೂ ಹೆಸರಷ್ಟೇ ಅಲ್ಲ, ಗುಣವೂ ಒಂದೇ. ಬೇರು ಒಂದರದು, ಕೊಂಬೆ ಇನ್ನೊಂದರದು, ನಡುವೆ ಸಂದಿಯಿಲ್ಲ. ಮೇಲೆ ಬಳಿದ ಅಂಟು ಎದ್ದು ಬರಬಹುದು. ಇದು ರಾಸಾಯನಿಕ ಕೊಂಡಿ. ನೀರು ಹಿಡಿಯುತ್ತಿದ್ದ ಮೈಯನ್ನು ಈಗ ನೀರು ಬೇಡದ ಕೊಂಬೆಗಳು ಮುಚ್ಚಿರುತ್ತವೆ.

ಕಸಿ ಕಟ್ಟಲು ಎರಡು ಮೂರು ರೀತಿಗಳಿವೆ. ನಾರನ್ನು ಮಾನೋಮರ್‌ನಲ್ಲಿ ನೆನೆಸಿಟ್ಟು ಜೊತೆಗೇ ಕಿರಣ ಕೊಡಬಹುದು. ಸುಲಭ, ಆದರೆ ಮಾನೋಮರ್ ನಾರನ್ನು ಬಿಟ್ಟು ತನ್ನಷ್ಟಕ್ಕೆ ತಾನೂ ಪ್ಲಾಸ್ಟಿಕ್ ಆಗಿ ಗಂಟುಗಟ್ಟುತ್ತದೆ. ಅದು ದಂಡ. ಅದನ್ನು ತಡೆಯಲು ಮೋರ್ ಸಾಲ್ಟ್ ಅನ್ನುವ ಕಬ್ಬಿಣದ ಉಪ್ಪು ಸ್ವಲ್ಪ ಹಾಕುತ್ತಾರೆ. ನನಗೆ ಇಷ್ಟವಾದದ್ದು ಇನ್ನೊಂದು ರೀತಿ. ಒಣ ನಾರಿಗೆ ಮೊದಲೇ, ಗಾಳಿ ಇರುವಾಗಲೇ ಕಿರಣ ಕೊಡುವುದು. ಗಾಳಿಯ ಆಮ್ಲಜನಕ ಆ ಖಾಲಿ ಕೈಗಳನ್ನು ಹಿಡಿದು ಪೆರಾಕ್ಸೈಡ್ ಅನ್ನುವ, ಬಿಸಿಗೆ ಒಡೆಯುವ ಕೊಂಡಿಯಾಗಿ ಕೂರುತ್ತದೆ. ಸೆಲ್ಯುಲೋಸ್ ಬಿಗಿಯಾಗಿ ಜೋಡಿಸಿಕೊಂಡಿರುವ ಕಡೆ ಕೆಲವು ರ್ಯಾಡಿಕಲ್‌ಗಳೂ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿರುತ್ತವೆ. ತಣ್ಣಗಿಟ್ಟರೆ ಇನ್ನೂ ಹೆಚ್ಚು ದಿನ. ಆಮೇಲೆ ಬೇಕಾದಾಗ ಮಾನೋಮರ್ ಜೊತೆ ಬಿಸಿ ಮಾಡಿದರೆ ಪೆರಾಕ್ಸೈಡ್ ಒಡೆದು ಕಸಿ ಶುರುವಾಗುತ್ತದೆ. ಅಂದರೆ ಕಿರಣದ ಘಟಕ ಒಂದು ಕಡೆ, ಕಸಿಯ ಕೆಲಸ ಇನ್ನೊಂದು ಕಡೆ ಇರಬಹುದು. ಸಣ್ಣ ಉದ್ಯಮದವರಿಗೆ ಇದು ದೊಡ್ಡ ಅನುಕೂಲ.

ಎಷ್ಟು ಕಸಿ ಆಯಿತು ಅಂತ ತಿಳಿಯಲು ತಕ್ಕಡಿ ಸಾಕು. 10 ಗ್ರಾಂ ನಾರು, ಕಸಿಯಾಗಿ, ಬಿಡಿ ಪ್ಲಾಸ್ಟಿಕ್ಕನ್ನು ಅಸಿಟೋನ್‌ನಲ್ಲಿ ತೊಳೆದು ತೆಗೆದು, ಒಣಗಿಸಿದ ಮೇಲೆ 12 ಗ್ರಾಂ ತೂಗಿದರೆ ಕಸಿ 20 ಪ್ರತಿಶತ.

ಇಷ್ಟು ಓದಿ, ಹಾಗಾದರೆ ಕಿರಣ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅನ್ನಿಸಬಹುದು. ಅಲ್ಲೇ ಎಡವುವುದು. ಕಿರಣಕ್ಕೆ ಕಣ್ಣಿಲ್ಲ. ಕಸಿಗೆ ಜಾಗ ಮಾಡಿಕೊಡುವಾಗಲೇ ಅದು ಸೆಲ್ಯುಲೋಸಿನ ಉದ್ದ ಸರಪಳಿಯನ್ನೂ ಅಲ್ಲಲ್ಲಿ ಕತ್ತರಿಸುತ್ತದೆ. ನಾರಿನ ಬಲ ಇರುವುದೇ ಆ ಉದ್ದದಲ್ಲಿ. ಹತ್ತಾರು ಕಿಲೋಗ್ರೇ ದಾಟಿದ ಮೇಲೆ ಬಲ ಇಳಿಯುವುದು ಅಳತೆಗೆ ಚೆನ್ನಾಗಿ ಸಿಗುತ್ತದೆ. ನೂರಾರು ಕಿಲೋಗ್ರೇಗೆ ಹೋದರೆ ಎಳೆದರೆ ಮುರಿಯುವ ನಾರು ಉಳಿಯುತ್ತದೆ. ಲಿಗ್ನಿನ್ ಅನ್ನುವ ಇನ್ನೊಂದು ವಸ್ತು ನಾರಿನಲ್ಲಿದೆ. ಅದರ ಉಂಗುರದಂಥ ರಚನೆ ಬಂದ ಏಟನ್ನು ಹಂಚಿಕೊಂಡು ಸೆಲ್ಯುಲೋಸನ್ನು ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ 40 ಪ್ರತಿಶತದ ಆಸುಪಾಸು, ಸೆಣಬಿನಲ್ಲಿ 12 ಪ್ರತಿಶತದ ಹತ್ತಿರ. ಹತ್ತಿಯಲ್ಲಿ ಇಲ್ಲವೆನ್ನುವಷ್ಟು. ಹಾಗಾಗಿ ಒಂದು ನಾರಿಗೆ ಹೊಂದಿದ ಡೋಸ್ ಇನ್ನೊಂದಕ್ಕೆ ಹೊಂದುವುದಿಲ್ಲ. ವಿಸ್ಕೋಸ್ ಬಟ್ಟೆಯವರಿಗೆ ಇದೇ ಹಾನಿ ಲಾಭ. ಮರದ ತಿರುಳಿನ ಸರಪಳಿಯನ್ನು ಗಿಡ್ಡ ಮಾಡಲು ಅವರಿಗೆ ಎಲೆಕ್ಟ್ರಾನ್ ಕಿರಣ ನೆರವಾಗುತ್ತದೆ. ನಮಗೆ ಅದು ನಷ್ಟ.

ಡೋಸಿನ ಅಂದಾಜು ಸಿಗಲಿ ಅಂತ ಹೇಳುತ್ತೇನೆ. ಈರುಳ್ಳಿ ಮೊಳಕೆ ತಡೆಯಲು 0.1 ಕಿಲೋಗ್ರೇಗಿಂತ ಕಡಿಮೆ ಸಾಕು. ಮೆಣಸಿನ ಪುಡಿಯಂಥ ಮಸಾಲೆಗೆ 10ರ ಆಸುಪಾಸು. ಆಸ್ಪತ್ರೆ ಸಾಮಾನಿಗೆ ವಾಡಿಕೆಯ ಡೋಸ್ 25. ಬಾಂಗ್ಲಾದೇಶದ ಪರಮಾಣು ಶಕ್ತಿ ಆಯೋಗದಲ್ಲಿ ಮುಬಾರಕ್ ಅಹ್ಮದ್ ಖಾನ್ ಮತ್ತು ಅವರ ಜೊತೆಗಾರರು ಸೆಣಬಿನ ಕಾಂಪೋಸಿಟ್‌ಗೆ ಗಾಮಾ ಕೊಟ್ಟು ಬಹಳ ಕೆಲಸ ಮಾಡಿದ್ದಾರೆ. ಸೆಣಬಿನಿಂದ ಸೋನಾಲಿ ಅನ್ನುವ, ಪ್ಲಾಸ್ಟಿಕ್ಕಿನಂತೆ ಕಾಣುವ ಚೀಲ ಮಾಡಿದವರೂ ಖಾನ್ ಅವರೇ. ಸೆಣಬು-ಪಿಪಿ ಪ್ರಯೋಗಗಳಲ್ಲಿ ಹಲವು ಸಲ 10 ಕಿಲೋಗ್ರೇ ಒಳಗೇ ಬಲ ಏರಿ, ಆಮೇಲೆ ಇಳಿದಿದೆ. ಏರುವುದು ಅಂಟಿನಿಂದ, ಇಳಿಯುವುದು ಸರಪಳಿ ಹರಿಯುವುದರಿಂದ. ಗುಡ್ಡದ ಆ ನೆತ್ತಿ ಎಲ್ಲಿದೆ ಅಂತ ಪ್ರತಿ ನಾರಿಗೂ, ಪ್ರತಿ ಪ್ಲಾಸ್ಟಿಕ್ಕಿಗೂ ಬೇರೆ ಬೇರೆ ಹುಡುಕಬೇಕು. ಉಪ್ಪು ಹಾಕುವವರ ಕೈ ಅಳತೆ ಇದ್ದ ಹಾಗೆ ಇದು, ಚೂರು ಹೆಚ್ಚಾದರೂ ಸಾರು ಕೆಡುತ್ತದೆ.

ಪ್ಲಾಸ್ಟಿಕ್ಕಿನ ಪಾತ್ರವೂ ಇದೆಯಲ್ಲ. ನಾರು ಪ್ಲಾಸ್ಟಿಕ್ ಬೆರೆಸಿ ಪಾರ್ಟ್ ಮಾಡಿ ಮುಗಿಸಿ, ಕೊನೆಗೆ ಇಡೀ ಪಾರ್ಟಿಗೇ ಕಿರಣ ಕೊಡುವವರೂ ಇದ್ದಾರೆ. ಪಾಲಿಎಥಿಲೀನ್ ಆದರೆ ಇದು ಚೆನ್ನ. ಅದರ ಪಕ್ಕಪಕ್ಕದ ಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಕೆಲವು ಕೊಂಡಿ ನಾರಿಗೂ ಬೀಳುತ್ತವೆ. ಇದೇ ಗುಣದ ಮೇಲೆ ಬಿಸಿ ತಡೆಯುವ ವೈರಿನ ಹೊದಿಕೆ, ಬಿಸಿ ಮಾಡಿದರೆ ಕುಗ್ಗುವ ಟ್ಯೂಬು ಎಲ್ಲ ನಿಂತಿವೆ. ಆರ್ಥರ್ ಚಾರ್ಲ್ಸ್‌ಬಿ 1950ರ ದಶಕದ ಶುರುವಿನಲ್ಲೇ ಈ ಗುಣ ಪತ್ತೆಮಾಡಿದ್ದರು. ಪಿಪಿಯ ಸ್ವಭಾವ ಬೇರೆ. ಗಾಳಿಯಲ್ಲಿ ಕಿರಣ ಬಿದ್ದರೆ ಅದು ಕೊಂಡಿ ಹಾಕಿಕೊಳ್ಳುವುದಕ್ಕಿಂತ ಹರಿಯುವುದೇ ಹೆಚ್ಚು. ಕಿರಣ ನಿಂತ ಮೇಲೂ ಆಮ್ಲಜನಕ ತಿಂಗಳುಗಟ್ಟಲೆ ಅದನ್ನು ಮೆಲ್ಲಗೆ ತಿನ್ನುತ್ತದೆ. ಗಾಮಾ ಕೊಡುವ ಪಿಪಿ ಸಿರಿಂಜಿಗೆ ಬೇರೆಯೇ ದರ್ಜೆಯ ದಾಣಾ ಬೇಕಾಗುವುದು ಇದಕ್ಕೇ. ಪಿಪಿಯನ್ನು ದಾರಿಗೆ ತರಲು ಅಕ್ರಿಲೇಟ್‌ನಂಥ ಕೊಂಡಿಗಾರರನ್ನು ಮೊದಲೇ ಬೆರೆಸುತ್ತಾರೆ. ಹಂಗೇರಿಯ ತಿಬೋರ್ ಚ್ವಿಕೋವ್‌ಸ್ಕಿ 1990ರ ದಶಕದಲ್ಲಿ ಮರದ ನಾರು ಮತ್ತು ಪಿಪಿ ಮೇಲೆ ಎಲೆಕ್ಟ್ರಾನ್ ಕಿರಣ ಬಳಸಿ ಇದೇ ದಾರಿ ಹಿಡಿದರು.

ಗಾಮಾ ಬೇಕೋ ಎಲೆಕ್ಟ್ರಾನ್ ಕಿರಣ ಬೇಕೋ? ಗಾಮಾ ಆಳಕ್ಕೆ ಇಳಿಯುತ್ತದೆ, ಇಡೀ ಮೂಟೆಯನ್ನು ಹಾಗೇ ಇಡಬಹುದು. ಆದರೆ ನಿಧಾನ, ಗಂಟೆಗಟ್ಟಲೆ ಹಿಡಿಯುತ್ತದೆ. ಕೋಬಾಲ್ಟ್ 5.27 ವರ್ಷಕ್ಕೆ ಅರ್ಧಕ್ಕಿಳಿಯುವುದರಿಂದ ಆಗಾಗ ಹೊಸ ಸರಳು ಸೇರಿಸುತ್ತಿರಬೇಕು. ಎಲೆಕ್ಟ್ರಾನ್ ಕಿರಣ ಕರೆಂಟಿನಿಂದ ಬರುತ್ತದೆ, ಸ್ವಿಚ್ ಆರಿಸಿದರೆ ನಿಂತಿತು. ಸೆಕೆಂಡುಗಳ ಕೆಲಸ. ಆದರೆ 10 ಮಿಲಿಯನ್ ವೋಲ್ಟಿನದೂ ನೀರಿನಂಥ ವಸ್ತುವಿನಲ್ಲಿ ಸುಮಾರು 5 ಸೆಂಟಿಮೀಟರ್ ಹೋಗಿ ನಿಲ್ಲುತ್ತದೆ. ನಾರಿನ ಚಾಪೆಗೆ, ತೆಳು ಹಲಗೆಗೆ ಇದು ಸಾಕು. ನನ್ನನ್ನು ಕೇಳಿದರೆ ನಾರನ್ನು ಚಾಪೆ ಮಾಡಿ ಎಲೆಕ್ಟ್ರಾನ್ ಕಿರಣದ ಕೆಳಗೆ ಓಡಿಸುವುದೇ ವಾಸಿ.

ಇನ್ನು ಖರ್ಚಿನ ಮಾತು. ಒಂದು ಟ್ರೇ, ಒಂದು ಹೂಕುಂಡಕ್ಕೆ ವಿಕಿರಣ ಬೇಕಿಲ್ಲ. ನಾರನ್ನು ಚೆನ್ನಾಗಿ ಒಣಗಿಸಿ, ಮೇಲಿಕ್ ಹಾಕಿದ ಪಿಪಿ ಸ್ವಲ್ಪ ಸೇರಿಸಿದರೆ ಸಾಕು. ವಸಾಯಿಯಲ್ಲಿ ನಾವು ಅಷ್ಟಾದರೂ ಮಾಡಬೇಕಿತ್ತು. ವಿಕಿರಣಕ್ಕೆ ಅರ್ಥ ಬರುವುದು ನೀರು, ಬಿಸಿಲು, ಭಾರ ಮೂರೂ ತಡೆಯಬೇಕಾದ ಕಡೆ. ಕ್ಷಾರದ ನೀರು ಹೊರಬಿಡಲು ಜಾಗವೇ ಇಲ್ಲದ ಕಡೆಯೂ ಸರಿ. ಜೊತೆಗೆ ನಾರಿನಲ್ಲಿರುವ ಬೂಷ್ಟು, ಹುಳು ಕೂಡ ಸಾಯುತ್ತವೆ. ಮಳೆಗಾಲದಲ್ಲಿ ಗೋದಾಮಿನಲ್ಲಿ ನಾರು ಇಟ್ಟವರಿಗೆ ಇದರ ಬೆಲೆ ಗೊತ್ತು.

ಇನ್ನೆರಡು ಮಾತು ಹೇಳದೆ ಬಿಡಬಾರದು. ಬಲೆಯಾಗಿ ಕೊಂಡಿ ಹಾಕಿಕೊಂಡ ಪ್ಲಾಸ್ಟಿಕ್ ಮತ್ತೆ ಕರಗುವುದಿಲ್ಲ. ಅದನ್ನು ಗ್ರೈಂಡ್ ಮಾಡಿ ಹೊಸ ಪಾರ್ಟ್ ಮಾಡಲು ಬರುವುದಿಲ್ಲ. ಹಾಗೆಯೇ, ನಾರು ಸೇರಿದ ಮಾತ್ರಕ್ಕೆ ಪಿಪಿ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಪ್ಲಾಸ್ಟಿಕ್ ಕಡಿಮೆ ಬಳಸಿದೆವು, ತೂಕ ಇಳಿಸಿದೆವು, ರೈತನ ನಾರಿಗೆ ಬೆಲೆ ತಂದೆವು. ಅಷ್ಟಂತೂ ನಿಜ. ಅದಕ್ಕಿಂತ ಹೆಚ್ಚು ಹೇಳಿ ಹಸಿರು ಬಣ್ಣದ ಚೀಟಿ ಅಂಟಿಸುವುದು ಸರಿಯಲ್ಲ.

ಹೋದ ತಿಂಗಳು ಅಕ್ಕನ ಮಗ ತನ್ನ ಪ್ರಾಜೆಕ್ಟಿನಲ್ಲಿ ಉಳಿದ ಒಂದು ಹಿಡಿ ಬಾಳೆನಾರು ತಂದುಕೊಟ್ಟ. ಗಾಮಾ ಕೊಟ್ಟು ಮಿಥೈಲ್ ಮೆಥಾಕ್ರಿಲೇಟ್ ಕಸಿ ಮಾಡಿದ್ದು. ನೋಡಲು ಮಾಮೂಲಿ ನಾರು, ಚೂರು ಹೊಳಪು ಜಾಸ್ತಿ. ಅದರಲ್ಲಿ ನಾಲ್ಕು ಎಳೆಯನ್ನು ಮಾಟುಂಗಾಕ್ಕೆ ತೆಗೆದುಕೊಂಡು ಹೋದೆ. ಅಕ್ಕ ಬೋಗುಣಿಗೆ ಹಾಕಿದರು. ಮಲ್ಲಿಗೆಯ ಎರಡು ಮೊಳ ಕಟ್ಟಿ ಮುಗಿಸಿ ತೆಗೆದು ನೋಡಿದರು. ಬೆರಳಿಗೆ ಸುತ್ತಿದರು. ನಾರು ಬಾಗದೆ ಸೆಟೆದು ನಿಂತಿತು.

"ಇದು ಹೂವಿಗೆ ಬರಂಗಿಲ್ರೀ ಅಣ್ಣಾ" ಅಂದರು. "ನೀರೇ ಕುಡಿಯವಲ್ದು."